ಚೀಟಿ ಎತ್ತಿ ಅಧಿಕಾರ ಹಂಚಿದ ಊರು: ಅಥೆನ್ಸಿನ ಪ್ರಜಾಪ್ರಭುತ್ವ ಹೇಗೆ ನಡೆಯುತ್ತಿತ್ತು?

ಪ್ರಶ್ನೆ: ಪ್ರಾಚೀನ ಅಥೆನ್ಸಿನಲ್ಲಿ ಚುನಾವಣೆಯೇ ನಡೆಯುತ್ತಿರಲಿಲ್ಲ, ಚೀಟಿ ಎತ್ತಿ ಅಧಿಕಾರ ಕೊಡುತ್ತಿದ್ದರು ಅಂತ ಓದಿದೆ. ಇದು ನಿಜಾನಾ? ನಿಜವಾದರೆ ಅದನ್ನು ಪ್ರಜಾಪ್ರಭುತ್ವ ಅಂತ ಹೇಗೆ ಕರೆಯೋದು? ಹೆಂಗಸರಿಗೆ, ಗುಲಾಮರಿಗೆ ಮತವೇ ಇಲ್ಲದ ಊರನ್ನು ಪ್ರಜಾಪ್ರಭುತ್ವದ ತವರು ಅಂತ ಯಾಕೆ ಹೊಗಳುತ್ತಾರೆ?

ಉತ್ತರ: ನೀವು ಓದಿದ್ದು ಬಹುಮಟ್ಟಿಗೆ ನಿಜ. ಚುನಾವಣೆ ಪೂರ್ತಿ ಇರಲಿಲ್ಲ ಅಂತಲ್ಲ. ಸೇನಾಪತಿಗಳನ್ನು, ಮುಂದೆ ಹಣಕಾಸಿನ ಕೆಲವು ದೊಡ್ಡ ಅಧಿಕಾರಿಗಳನ್ನು, ಜನ ಸೇರಿ ಕೈ ಎತ್ತಿ ಆರಿಸುತ್ತಿದ್ದರು. ಉಳಿದ ನೂರಾರು ಹುದ್ದೆಗಳು ಚೀಟಿಯಲ್ಲೇ ಹೋಗುತ್ತಿದ್ದವು.

ಆದರೆ ನಿಮ್ಮ ಎರಡನೇ ಪ್ರಶ್ನೆಯನ್ನು ಆ ಕಾಲದ ಅಥೆನ್ಸಿನವರಿಗೆ ಕೇಳಿದ್ದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಚೀಟಿ ಎತ್ತುವುದೇ ಪ್ರಜಾಪ್ರಭುತ್ವ, ಚುನಾವಣೆ ಅನ್ನೋದು ಕೆಲವೇ ಜನ ಆಳುವ ವ್ಯವಸ್ಥೆಯ ಲಕ್ಷಣ ಅಂತ ಅರಿಸ್ಟಾಟಲ್ ನೇರವಾಗಿಯೇ ಬರೆದಿದ್ದಾನೆ. ಅವರ ಲೆಕ್ಕ ಸರಳ. ಆರಿಸಿ ಅಂತ ಬಿಟ್ಟರೆ ಜನ ಯಾರನ್ನು ಆರಿಸುತ್ತಾರೆ? ದುಡ್ಡಿದ್ದವನನ್ನು, ಮನೆತನದ ಹೆಸರಿದ್ದವನನ್ನು, ಮಾತಿನಲ್ಲಿ ಜನರನ್ನು ಕಟ್ಟಿಹಾಕುವವನನ್ನು. ಚೀಟಿಗೆ ಇದ್ಯಾವುದೂ ಕಾಣುವುದಿಲ್ಲ. ಹಾಗಾಗಿ ಎಲ್ಲರಿಗೂ ಆಳುವ ಸರದಿ ಬರಬೇಕು ಅಂದರೆ ಚೀಟಿಯೇ ಸರಿಯಾದ ದಾರಿ ಅಂತ ಅವರು ನಂಬಿದ್ದರು. ನನಗೆ ಗೊತ್ತಿರುವ ಮಟ್ಟಿಗೆ ಅಥೆನ್ಸಿನ ಬಗ್ಗೆ ಶಾಲೆಯಲ್ಲಿ ಹೇಳಿಕೊಡದೇ ಬಿಡುವ ದೊಡ್ಡ ಸಂಗತಿ ಇದೇ. ನಾವು ಇವತ್ತು ಮತಪೆಟ್ಟಿಗೆಯನ್ನು ಪ್ರಜಾಪ್ರಭುತ್ವದ ಗುರುತು ಅಂತ ಇಟ್ಟುಕೊಂಡು ಹಿಂದಕ್ಕೆ ನೋಡುತ್ತೇವೆ, ಅಲ್ಲಿ ಅದು ಕಾಣದೇ ಇದ್ದಾಗ ಇದೆಂಥ ಪ್ರಜಾಪ್ರಭುತ್ವ ಅನಿಸುತ್ತದೆ.

ಈ ಚೀಟಿ ಎತ್ತುವುದು ಸುಮ್ನೆ ಒಂದು ಮಡಕೆಯಲ್ಲಿ ಕೈ ಹಾಕಿ ತೆಗೆಯುವಷ್ಟು ಸುಲಭದ ಕೆಲಸ ಆಗಿರಲಿಲ್ಲ. ಕ್ರಿ.ಪೂ. 4ನೇ ಶತಮಾನದಲ್ಲಿ ನ್ಯಾಯಾಲಯಕ್ಕೆ ತೀರ್ಪುಗಾರರನ್ನು ಆರಿಸುತ್ತಿದ್ದ ಬಗೆಯನ್ನು ನೋಡಿ. ಮೂವತ್ತು ವರ್ಷ ದಾಟಿದ ನಾಗರಿಕರಲ್ಲಿ 6000 ಜನರ ಹೆಸರು ಆ ವರ್ಷದ ಪಟ್ಟಿಯಲ್ಲಿ ಇರುತ್ತಿತ್ತು. ಪ್ರತಿಯೊಬ್ಬನ ಹತ್ತಿರ ಒಂದು ಸಣ್ಣ ಪಟ್ಟಿಕೆ, ಕಂಚಿನದ್ದು ಅಥವಾ ಮರದ್ದು. ಅದರ ಮೇಲೆ ಅವನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಮತ್ತು ಒಂದು ಅಕ್ಷರ. ಬೆಳಗ್ಗೆ ಬಂದವನು ತನ್ನ ಅಕ್ಷರದ ಪೆಟ್ಟಿಗೆಯಲ್ಲಿ ಪಟ್ಟಿಕೆ ಹಾಕುತ್ತಿದ್ದ. ಅಲ್ಲಿ ಆಳೆತ್ತರದ ಚಪ್ಪಡಿ ನಿಂತಿರುತ್ತಿತ್ತು, ಅದಕ್ಕೆ ಕ್ಲೆರೊಟೀರಿಯನ್ ಅಂತ ಹೆಸರು. ಚಪ್ಪಡಿಯ ಮೈತುಂಬ ಸಾಲುಸಾಲಾಗಿ ಸೀಳುಗಳು. ಪೆಟ್ಟಿಗೆಗಳನ್ನು ಅಲುಗಾಡಿಸಿ ಪಟ್ಟಿಕೆಗಳನ್ನು ಒಂದೊಂದಾಗಿ ತೆಗೆದು ಆ ಸೀಳುಗಳಿಗೆ ತುರುಕುತ್ತಿದ್ದರು. ಚಪ್ಪಡಿಯ ಪಕ್ಕದಲ್ಲಿ ಒಂದು ಕೊಳವೆ. ಅದಕ್ಕೆ ಮೇಲಿಂದ ಕಪ್ಪು, ಬಿಳಿ ದಾಳಗಳನ್ನು ಬೆರೆಸಿ ಸುರಿಯುತ್ತಿದ್ದರು, ಕೆಳಗಿಂದ ಒಂದೊಂದೇ ಹೊರಗೆ ಬರುತ್ತಿತ್ತು. ಮೊದಲನೆಯದು ಬಿಳಿ ಬಂತು ಅಂದರೆ ಮೊದಲ ಅಡ್ಡಸಾಲಿನವರೆಲ್ಲ ಆಯ್ಕೆ. ಕಪ್ಪು ಬಂದರೆ ಆ ಸಾಲಿನವರೆಲ್ಲ ಮನೆಗೆ. ಹೀಗೆ ಎಷ್ಟು ಜನ ಬೇಕೋ ಅಷ್ಟಕ್ಕೆ ಲೆಕ್ಕ ಹಾಕಿ ಬಿಳಿ ದಾಳ ಹಾಕಿರುತ್ತಿದ್ದರು.

ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಆಯ್ಕೆಯಾದವನು ಇನ್ನೊಂದು ಪಾತ್ರೆಯಿಂದ ಒಂದು ಗುಂಡು ಎತ್ತಬೇಕು, ಅದರ ಮೇಲಿನ ಅಕ್ಷರ ನೋಡಿ ಅವನು ಯಾವ ನ್ಯಾಯಾಲಯಕ್ಕೆ ಹೋಗಬೇಕು ಅನ್ನೋದು ಗೊತ್ತಾಗುತ್ತಿತ್ತು. ಆ ನ್ಯಾಯಾಲಯದ ಬಾಗಿಲ ಮೇಲೆ ಯಾವ ಬಣ್ಣ ಇದೆಯೋ ಅದೇ ಬಣ್ಣದ ಕೋಲು ಅವನ ಕೈಗೆ. ಬೇರೆ ಬಣ್ಣದ ಕೋಲು ಹಿಡಿದು ನುಗ್ಗಲು ಆಗುತ್ತಿರಲಿಲ್ಲ. ಅಂದರೆ ಬೆಳಗಾಗುವ ತನಕ ಯಾರ ಮೊಕದ್ದಮೆಯನ್ನು ಯಾರು ಕೇಳುತ್ತಾರೆ ಅಂತ ಒಬ್ಬರಿಗೂ ಗೊತ್ತಿಲ್ಲ. ಲಂಚ ಕೊಡಬೇಕು ಅಂದುಕೊಂಡವನು ಯಾರಿಗೆ ಕೊಡಬೇಕು? ಒಂದು ಮೊಕದ್ದಮೆಗೆ 201, 401, 501 ಜನ ಕೂರುತ್ತಿದ್ದರು. ವಕೀಲರು ನಿಂತು ವಾದಿಸುವ ಪದ್ಧತಿ ಇಲ್ಲ, ಕಾನೂನು ವಿವರಿಸುವ ನ್ಯಾಯಾಧೀಶನೂ ಇಲ್ಲ. ಎರಡೂ ಕಡೆಯವರು ತಾವೇ ಮಾತಾಡಬೇಕು, ನೀರಿನ ಗಡಿಯಾರ ಖಾಲಿಯಾಗುವ ಹೊತ್ತಿಗೆ ಮುಗಿಸಬೇಕು. ಅಥೆನ್ಸಿನ ಹಳೆಯ ಪೇಟೆ ಬಯಲಿನಲ್ಲಿ ಇಂಥ ಒಂದು ಮಣ್ಣಿನ ಗಡಿಯಾರ ಸಿಕ್ಕಿದೆ. ಸುಮಾರು 6.4 ಲೀಟರ್ ನೀರು ಹಿಡಿಯುತ್ತದೆ, ಆರು ನಿಮಿಷದಲ್ಲಿ ಖಾಲಿಯಾಗುತ್ತದೆ. ಕೊನೆಗೆ ಮತ ಹಾಕಲು ಪ್ರತಿಯೊಬ್ಬನಿಗೂ ಎರಡು ಕಂಚಿನ ಬಿಲ್ಲೆ. ಒಂದರ ನಡುವಿನ ಕಡ್ಡಿ ಟೊಳ್ಳು, ಇನ್ನೊಂದರದ್ದು ಗಟ್ಟಿ. ಕಡ್ಡಿಯ ಎರಡು ತುದಿಯನ್ನೂ ಬೆರಳಿನಲ್ಲಿ ಮುಚ್ಚಿ ಹಿಡಿದು ಹಾಕಿದರೆ ಪಕ್ಕದಲ್ಲಿ ನಿಂತವನಿಗೂ ಯಾವುದು ಹಾಕಿದೆ ಅಂತ ತಿಳಿಯುವುದಿಲ್ಲ. ಗುಟ್ಟಿನ ಮತದಾನಕ್ಕೆ ಇಷ್ಟು ಅಚ್ಚುಕಟ್ಟಾದ ಉಪಾಯ ಮಾಡಿದವರ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ. ಆ ಕಂಚಿನ ಪಟ್ಟಿಕೆಗಳು ಕೆಲವು ಗೋರಿಗಳಲ್ಲೂ ಸಿಕ್ಕಿವೆ. ಸತ್ತವನ ಜೊತೆಗೇ ಇಟ್ಟು ಮಣ್ಣು ಮಾಡಿದ್ದಾರೆ, ಅಷ್ಟರ ಮಟ್ಟಿಗೆ ಅದು ಅವನ ಗುರುತಾಗಿತ್ತು.

ಇನ್ನು ಆಡಳಿತ. ಕ್ರಿ.ಪೂ. 508ರ ಹೊತ್ತಿಗೆ ಕ್ಲೆಯ್ಸ್ತೆನಿಸ್ ಅನ್ನುವವನು ಇಡೀ ನಾಡನ್ನು ಹತ್ತು ಪಂಗಡಗಳಾಗಿ ಮರುಹಂಚಿಕೆ ಮಾಡಿದ. ಪ್ರತಿ ಪಂಗಡದಲ್ಲೂ ಪಟ್ಟಣದ ಒಂದು ತುಂಡು, ಕರಾವಳಿಯ ಒಂದು ತುಂಡು, ಒಳನಾಡಿನ ಒಂದು ತುಂಡು. ಹಳೆಯ ದೊಡ್ಡ ಮನೆತನಗಳು ತಮ್ಮ ತಮ್ಮ ಸೀಮೆಯಲ್ಲಿ ಜನರನ್ನು ಹಿಡಿದಿಟ್ಟುಕೊಂಡಿದ್ದವಲ್ಲ, ಆ ಹಿಡಿತ ಇದರಿಂದ ಸಡಿಲವಾಯಿತು. ಒಂದೊಂದು ಪಂಗಡದಿಂದ ಚೀಟಿಯ ಮೂಲಕ 50 ಜನ, ಒಟ್ಟು 500 ಜನರ ಮಂಡಳಿ. ಜನಸಭೆಯ ಮುಂದೆ ಏನು ಬರಬೇಕು ಅಂತ ಸಿದ್ಧಪಡಿಸುತ್ತಿದ್ದದ್ದು ಇವರೇ. ಅವಧಿ ಒಂದು ವರ್ಷ, ಜೀವಮಾನದಲ್ಲಿ ಎರಡೇ ಸಲ ಅವಕಾಶ.

ವರ್ಷವನ್ನು ಹತ್ತು ಭಾಗ ಮಾಡಿ ಒಂದೊಂದು ಪಂಗಡದ ಐವತ್ತು ಜನ ಸರದಿಯಲ್ಲಿ ದಿನನಿತ್ಯದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಆ ಐವತ್ತರಲ್ಲಿ ದಿನಕ್ಕೊಬ್ಬ, ಅದೂ ಚೀಟಿಯಲ್ಲೇ, ಅಧ್ಯಕ್ಷ. ಸೂರ್ಯ ಮುಳುಗಿದಾಗಿನಿಂದ ಮರುದಿನ ಮುಳುಗುವ ತನಕ ಖಜಾನೆಯ ಬೀಗದಕೈ, ಸರ್ಕಾರದ ಮುದ್ರೆ ಎರಡೂ ಅವನ ಹತ್ತಿರ. ಆಮೇಲೆ ಜೀವಮಾನದಲ್ಲಿ ಮತ್ತೆ ಆ ಕುರ್ಚಿ ಇಲ್ಲ. ನಾಗರಿಕರ ಸಂಖ್ಯೆ ಇದ್ದದ್ದೇ ಸುಮಾರು 30,000ದ ಆಸುಪಾಸು ಅಂತ 4ನೇ ಶತಮಾನದ ಅಂದಾಜು. ಹಾಗಾದರೆ ಪಕ್ಕದ ಮನೆಯ ಚಮ್ಮಾರನೋ ಕುಂಬಾರನೋ ಒಂದು ದಿನದ ಮಟ್ಟಿಗೆ ನಾಡಿನ ಅಧ್ಯಕ್ಷನಾಗಿದ್ದವನು ಅನ್ನೋದು ಅಲ್ಲಿ ಆಶ್ಚರ್ಯದ ಮಾತೇ ಆಗಿರಲಿಲ್ಲ.

ಕೆಲಸ ಗೊತ್ತಿಲ್ಲದವನ ಕೈಗೆ ಅಧಿಕಾರ ಹೋದರೆ ಏನು ಗತಿ ಅಂತ ನೀವು ಕೇಳಬಹುದು. ಸಾಕ್ರಟೀಸನೂ ಇದನ್ನೇ ಕೇಳುತ್ತಿದ್ದ, ಹಡಗು ನಡೆಸುವವನನ್ನು ಯಾರಾದರೂ ಚೀಟಿ ಎತ್ತಿ ಆರಿಸುತ್ತಾರಾ ಅಂತ. ಅದಕ್ಕೆ ಅಥೆನ್ಸಿನವರ ಹತ್ತಿರ ಉತ್ತರ ಇತ್ತು. ಒಂದೊಂದು ಕೆಲಸಕ್ಕೂ ಸಾಮಾನ್ಯವಾಗಿ ಹತ್ತು ಜನ, ಹಾಗಾಗಿ ಒಬ್ಬ ದಡ್ಡನಾದರೂ ನಡೆಯುತ್ತದೆ. ಅವಧಿ ಒಂದೇ ವರ್ಷ. ಹುದ್ದೆಗೆ ಏರುವ ಮುಂಚೆ ವಿಚಾರಣೆ: ನಿನ್ನ ಅಪ್ಪ ಯಾರು, ಅಮ್ಮ ಯಾರು, ಮನೆತನದ ಗೋರಿಗಳು ಎಲ್ಲಿವೆ, ತಂದೆ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ, ತೆರಿಗೆ ಕಟ್ಟಿದ್ದೀಯಾ, ಯುದ್ಧಕ್ಕೆ ಹೋಗಿದ್ದೀಯಾ. ಬುದ್ಧಿವಂತಿಕೆಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ, ನಡತೆಯ ಬಗ್ಗೆ ಮಾತ್ರ. ಹುದ್ದೆ ಇಳಿಯುವಾಗ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕು, ಯಾವ ನಾಗರಿಕ ಬೇಕಾದರೂ ಎದ್ದು ನಿಂತು ದೂರು ಕೊಡಬಹುದು. ಕುರ್ಚಿ ಏರುವುದಕ್ಕಿಂತ ಇಳಿಯುವುದೇ ಕಷ್ಟ ಇತ್ತು ಅಂದರೆ ತಪ್ಪಾಗದು.

ನಿಜವಾಗಿಯೂ ಪರಿಣತಿ ಬೇಕಾದ ಕೆಲಸ ಯುದ್ಧ, ಚುನಾವಣೆ ಇದ್ದದ್ದು ಮುಖ್ಯವಾಗಿ ಅದಕ್ಕೆ. ಹತ್ತು ಸೇನಾಪತಿಗಳು, ಎಷ್ಟು ಸಲ ಬೇಕಾದರೂ ಮರು ಆಯ್ಕೆ ಆಗಬಹುದು. ಪೆರಿಕ್ಲಿಸ್ ಅಷ್ಟು ವರ್ಷ ಅಥೆನ್ಸನ್ನು ನಡೆಸಿದ್ದು ಈ ಹುದ್ದೆಯಿಂದಲೇ. ಅವನೂ ರಾಜ ಆಗಿರಲಿಲ್ಲ ಅನ್ನೋದನ್ನು ಮರೆಯಬಾರದು. ಕ್ರಿ.ಪೂ. 430ರಲ್ಲಿ ಯುದ್ಧ, ಸಾಂಕ್ರಾಮಿಕ ರೋಗ ಎರಡೂ ಒಟ್ಟಿಗೆ ಬಂದಾಗ ಅದೇ ಜನ ಅವನನ್ನು ಇಳಿಸಿ ದಂಡ ಹಾಕಿದರು, ಸ್ವಲ್ಪ ದಿನಕ್ಕೇ ಮತ್ತೆ ಕರೆದು ಕೂರಿಸಿದರು. ಮಾರನೇ ವರ್ಷ ಅವನು ತೀರಿಕೊಂಡ.

ಬಡವರಿಗೆ ಈ ಬಲ ಎಲ್ಲಿಂದ ಬಂತು? ನನ್ನ ಪ್ರಕಾರ ಇದರ ಬೇರು ಹಡಗಿನಲ್ಲಿದೆ. ಕ್ರಿ.ಪೂ. 483ರ ಸುಮಾರಿಗೆ ಲಾವ್ರಿಯನ್ ಗಣಿಯಲ್ಲಿ ದೊಡ್ಡ ಬೆಳ್ಳಿಯ ನಿಕ್ಷೇಪ ಸಿಕ್ಕಿತು. ತಲೆಗೆ ಹತ್ತು ದ್ರಾಖ್ಮದಂತೆ (ದ್ರಾಖ್ಮ ಅಂದರೆ ಅಲ್ಲಿನ ಬೆಳ್ಳಿ ನಾಣ್ಯ) ಎಲ್ಲರಿಗೂ ಹಂಚಿಬಿಡೋಣ ಅಂತ ಮಾತಾಗಿತ್ತು. ಬೇಡ, ಯುದ್ಧದ ಹಡಗು ಕಟ್ಟೋಣ ಅಂತ ಥೆಮಿಸ್ಟೊಕ್ಲಿಸ್ ಅನ್ನುವ ನಾಯಕ ಒಪ್ಪಿಸಿದ. ಮೂರು ವರ್ಷದಲ್ಲಿ ಸಲಾಮಿಸ್ ಬಳಿ ಪರ್ಷಿಯಾದ ದೊಡ್ಡ ನೌಕಾಪಡೆಯನ್ನು ಸೋಲಿಸಿದ್ದು ಆ ಹಡಗುಗಳೇ. ಒಂದು ಹಡಗಿಗೆ ಹುಟ್ಟು ಹಾಕಲು 170 ಜನ ಬೇಕು. ಕುದುರೆ, ಕವಚ ಕೊಳ್ಳುವ ಶಕ್ತಿ ಇಲ್ಲದವನೂ ಹುಟ್ಟು ಹಾಕಬಲ್ಲ. ಊರು ಉಳಿದದ್ದು ಇವರ ತೋಳಿನಿಂದ ಅಂತಾದ ಮೇಲೆ ನೀವು ಸುಮ್ನಿರಿ ಅಂತ ಇವರಿಗೆ ಹೇಳುವುದು ಹೇಗೆ? ಪ್ರಜಾಪ್ರಭುತ್ವವನ್ನು ಕಂಡರಾಗದ ಒಬ್ಬ ಅನಾಮಧೇಯ ಲೇಖಕ ಕೂಡ, ಹಡಗು ನಡೆಸುವವರೇ ಊರಿಗೆ ಶಕ್ತಿ ತಂದವರು, ಅವರಿಗೆ ಜಾಸ್ತಿ ಸಿಗುವುದು ನ್ಯಾಯವೇ ಅಂತ ಒಪ್ಪಿಕೊಂಡಿದ್ದಾನೆ.

ಆಮೇಲೆ ಪೆರಿಕ್ಲಿಸ್ ತೀರ್ಪುಗಾರರಿಗೆ ದಿನಗೂಲಿ ಶುರು ಮಾಡಿದ. ಮೊದಲು ಎರಡು ಓಬೊಲ್, ಮುಂದೆ ಮೂರು, ಅಂದರೆ ಅರ್ಧ ದ್ರಾಖ್ಮ. ದುಡ್ಡಿಲ್ಲದವನು ಕೂಲಿ ಬಿಟ್ಟು ಬಂದು ಕೂರಬೇಕಾದರೆ ಇದು ಬೇಕೇ ಬೇಕಿತ್ತು. ಇದೆಲ್ಲ ಅಧೀನ ರಾಜ್ಯಗಳಿಂದ ವಸೂಲಿ ಮಾಡಿದ ಕಪ್ಪದ ದುಡ್ಡಿನ ಮೇಲೆ ನಿಂತ ಪ್ರಜಾಪ್ರಭುತ್ವ ಅಂತ ಕೆಲವರು ತಳ್ಳಿಹಾಕುತ್ತಾರೆ. ಅದರಲ್ಲಿ ಸತ್ಯ ಇದೆ, ಆದರೆ ಪೂರ್ತಿ ಸತ್ಯ ಅಲ್ಲ. ಜನಸಭೆಗೆ ಬಂದವರಿಗೆ ಕೂಲಿ ಕೊಡುವ ಪದ್ಧತಿ ಶುರುವಾದದ್ದೇ ಸಾಮ್ರಾಜ್ಯ ಕೈತಪ್ಪಿದ ಮೇಲೆ, ಕ್ರಿ.ಪೂ. 390ರ ದಶಕದಲ್ಲಿ.

ಜನಸಭೆ ಸೇರುತ್ತಿದ್ದದ್ದು ಪ್ನಿಕ್ಸ್ ಅನ್ನುವ ಗುಡ್ಡದ ಮೇಲೆ. ಸುಮಾರು 6000 ಜನ ಹಿಡಿಯುವ ಜಾಗ. 4ನೇ ಶತಮಾನದಲ್ಲಿ ವರ್ಷಕ್ಕೆ 40 ಸಭೆ. ಡಂಗುರದವನು ಎದ್ದು, ಯಾರು ಮಾತಾಡುತ್ತೀರಿ ಅಂತ ಕೂಗಿದರೆ ಯಾವ ನಾಗರಿಕನಾದರೂ ಮುಂದೆ ಹೋಗಬಹುದು. ಇಲ್ಲಿ ಪ್ರತಿನಿಧಿಗಳಿಲ್ಲ. ಯುದ್ಧವೋ ಸಂಧಿಯೋ, ತೀರ್ಮಾನ ಅಲ್ಲೇ, ಕೈ ಎತ್ತಿ.

ಇದರ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ ಕಾಣುವ ಒಂದು ಪ್ರಸಂಗ ಹೇಳುತ್ತೇನೆ, ಆ ಕಾಲದ ಇತಿಹಾಸಕಾರ ಥುಸಿಡಿಡಿಸ್ ಬರೆದಿಟ್ಟದ್ದು. ಕ್ರಿ.ಪೂ. 427ರಲ್ಲಿ ಲೆಸ್ಬೊಸ್ ದ್ವೀಪದ ಮಿಟಿಲಿನಿ ಪಟ್ಟಣ ಅಥೆನ್ಸಿನ ವಿರುದ್ಧ ದಂಗೆ ಎದ್ದು ಸೋತಿತ್ತು. ಸಿಟ್ಟಿನಲ್ಲಿದ್ದ ಜನಸಭೆ, ಅಲ್ಲಿನ ಗಂಡಸರನ್ನೆಲ್ಲ ಕೊಲ್ಲಿ, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿ ಅಂತ ತೀರ್ಮಾನಿಸಿ ಹಡಗು ಕಳಿಸಿಬಿಟ್ಟಿತು. ಬೆಳಗಾದ ಮೇಲೆ ಜನರಿಗೆ ಹೊಟ್ಟೆಯಲ್ಲಿ ಕಸಿವಿಸಿ. ತಪ್ಪು ಮಾಡಿದ ಕೆಲವರಿಗೋಸ್ಕರ ಇಡೀ ಊರನ್ನು ಕೊಲ್ಲುವುದಾ? ಮತ್ತೆ ಸಭೆ ಸೇರಿತು. ಕ್ಲಿಯಾನ್ ಅನ್ನುವ ಮುಂದಾಳು ಹಳೆಯ ತೀರ್ಮಾನಕ್ಕೇ ಅಂಟಿಕೊಳ್ಳಿ ಅಂದ. ಡಯೊಡೊಟಸ್ ಅನ್ನುವವನು ಎದ್ದು, ಕೊಲ್ಲುವುದರಿಂದ ನಮಗೇ ನಷ್ಟ ಅಂತ ವಾದಿಸಿದ. ಕೈಗಳು ಹೆಚ್ಚುಕಡಿಮೆ ಸಮಸಮ ಎದ್ದವು, ಕೂದಲೆಳೆಯಲ್ಲಿ ಡಯೊಡೊಟಸ್ ಗೆದ್ದ. ತಕ್ಷಣ ಎರಡನೇ ಹಡಗು ಹೊರಟಿತು. ಮೊದಲನೆಯದು ಒಂದು ಹಗಲು ಒಂದು ರಾತ್ರಿ ಮುಂದಿದೆ. ಹುಟ್ಟು ಹಾಕುವವರು ಕೈ ನಿಲ್ಲಿಸದೆ, ದ್ರಾಕ್ಷಾರಸ ಎಣ್ಣೆ ಹಾಕಿ ಕಲಸಿದ ಬಾರ್ಲಿ ಹಿಟ್ಟನ್ನು ಕೂತಲ್ಲೇ ತಿಂದರು, ಸರದಿಯಲ್ಲಿ ಮಲಗಿದರು. ಮೊದಲ ಹಡಗಿನವರು ಮಾಡಬೇಕಾದ ಕೆಲಸ ನೆನೆಸಿಕೊಂಡು ನಿಧಾನಕ್ಕೇ ಹೋಗುತ್ತಿದ್ದರು. ಅಲ್ಲಿನ ಸೇನಾಪತಿ ಮೊದಲ ಆಜ್ಞೆಯನ್ನು ಓದಿ ಕೆಲಸಕ್ಕೆ ಇಳಿಯುವಷ್ಟರಲ್ಲಿ ಎರಡನೆಯದು ಬಂದು ತಲುಪಿತು. ದಂಗೆಯ ಮುಂದಾಳುಗಳನ್ನು ಹೇಗೂ ಕೊಂದರು, ಅದು ಸಣ್ಣ ಸಂಖ್ಯೆಯೇನಲ್ಲ. ಆದರೆ ಊರು ಉಳಿಯಿತು. ಹನ್ನೊಂದು ವರ್ಷದ ನಂತರ ಮಿಲೋಸ್ ದ್ವೀಪಕ್ಕೆ ಇಂಥ ಎರಡನೇ ಹಡಗು ಹೋಗಲಿಲ್ಲ. ಅಲ್ಲಿ ಸೆರೆ ಸಿಕ್ಕ ಗಂಡಸರನ್ನು ಕೊಂದರು, ಉಳಿದವರನ್ನು ಮಾರಿದರು.

ಜನಸಭೆಯೇ ದಾರಿ ತಪ್ಪಿದ ಇನ್ನೊಂದು ಉದಾಹರಣೆ ಕ್ರಿ.ಪೂ. 406ರದ್ದು. ಅರ್ಗಿನುಸೇ ಎಂಬಲ್ಲಿ ಅಥೆನ್ಸ್ ಸಮುದ್ರಯುದ್ಧ ಗೆದ್ದಿತು, ಆದರೆ ಮುಳುಗುತ್ತಿದ್ದವರನ್ನು ಸೇನಾಪತಿಗಳು ರಕ್ಷಿಸಲಿಲ್ಲ. ಬಿರುಗಾಳಿ ಇತ್ತು ಅಂತ ಅವರ ಮಾತು. ಸಿಟ್ಟಾದ ಜನಸಭೆ ಎಂಟು ಸೇನಾಪತಿಗಳಿಗೂ ಸೇರಿಸಿ ಒಂದೇ ಮತದಲ್ಲಿ ಮರಣದಂಡನೆ ವಿಧಿಸಲು ಹೊರಟಿತು. ಕಾನೂನಿನ ಪ್ರಕಾರ ಒಬ್ಬೊಬ್ಬರನ್ನೂ ಬೇರೆಬೇರೆ ವಿಚಾರಿಸಬೇಕು. ಅವತ್ತು ಸಭೆ ನಡೆಸುವ ಸರದಿ ಬಂದಿದ್ದದ್ದು ಸಾಕ್ರಟೀಸನ ಪಂಗಡಕ್ಕೆ, ಅವನೂ ಆ ಐವತ್ತರಲ್ಲಿ ಒಬ್ಬ. ಕಾನೂನು ಮೀರಿ ಇದನ್ನು ಮತಕ್ಕೆ ಹಾಕಲು ಒಪ್ಪುವುದಿಲ್ಲ ಅಂತ ಅವನೊಬ್ಬನೇ ಹಟ ಹಿಡಿದ. ನಡೆಯಲಿಲ್ಲ. ಕೈಗೆ ಸಿಕ್ಕ ಆರು ಜನರನ್ನು ಕೊಂದರು. ಅದರಲ್ಲಿ ಒಬ್ಬ ಪೆರಿಕ್ಲಿಸನ ಮಗ, ಅಪ್ಪನ ಹೆಸರೇ ಅವನಿಗೂ. ಸ್ವಲ್ಪ ಕಾಲಕ್ಕೇ ಜನ ಪಶ್ಚಾತ್ತಾಪ ಪಟ್ಟು, ತಮ್ಮನ್ನು ದಾರಿ ತಪ್ಪಿಸಿದವರ ಮೇಲೆ ಮೊಕದ್ದಮೆ ಹೂಡಿದರು. ಸತ್ತವರು ವಾಪಸ್ ಬರಲಿಲ್ಲ.

ಈ ಮಗನ ಕಥೆಯಿಂದಲೇ ನಿಮ್ಮ ಮೂರನೇ ಪ್ರಶ್ನೆಗೆ ಬರುತ್ತೇನೆ. ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ನಾಗರಿಕ ಅಂತ ಕ್ರಿ.ಪೂ. 451ರಲ್ಲಿ ಕಾನೂನು ತಂದವನು ಪೆರಿಕ್ಲಿಸನೇ. ಅವನ ಸಂಗಾತಿ ಅಸ್ಪಾಸಿಯಾ ಮಿಲೆಟಸ್ ಊರಿನವಳು. ಅಲ್ಲಿಗೆ ಅವಳಲ್ಲಿ ಹುಟ್ಟಿದ ಮಗ ಪರದೇಶಿ. ಮೊದಲ ಹೆಂಡತಿಯ ಇಬ್ಬರು ಗಂಡು ಮಕ್ಕಳೂ ಆ ಸಾಂಕ್ರಾಮಿಕ ರೋಗದಲ್ಲಿ ಸತ್ತ ಮೇಲೆ ಜನ ಕನಿಕರಪಟ್ಟು ಈ ಮಗನಿಗೆ ವಿಶೇಷ ಅಂತ ನಾಗರಿಕತ್ವ ಕೊಟ್ಟರು. ದೊಡ್ಡ ಮನುಷ್ಯನ ಮಗ ಅಂತ ಬಾಗಿಲು ತೆರೆಯಿತು. ಉಳಿದವರಿಗೆ ತೆರೆಯಲಿಲ್ಲ.

ಹೆಂಗಸರ ವಿಷಯದಲ್ಲಿ ಸಮರ್ಥನೆಗೆ ಜಾಗವೇ ಇಲ್ಲ. 451ರ ಕಾನೂನಿನ ಪ್ರಕಾರ ನಾಗರಿಕನನ್ನು ಹೆರಲು ಅಥೆನ್ಸಿನ ಹೆಣ್ಣೇ ಬೇಕು. ಆದರೆ ಅವಳು ಸಭೆಗೆ ಕಾಲಿಡುವಂತಿಲ್ಲ, ತನ್ನ ಮೊಕದ್ದಮೆಯನ್ನು ತಾನೇ ನಡೆಸುವಂತಿಲ್ಲ, ಸಣ್ಣಪುಟ್ಟದ್ದು ಬಿಟ್ಟರೆ ವ್ಯವಹಾರವನ್ನೂ ಮಾಡುವಂತಿಲ್ಲ. ಅಪ್ಪ, ಗಂಡ, ಮಗ ಯಾರಾದರೊಬ್ಬ ಗಂಡಸು ಅವಳ ಪರವಾಗಿ ಇರಲೇಬೇಕು. ಪೂಜೆ ಪುನಸ್ಕಾರದಲ್ಲಿ ಮಾತ್ರ ಅವರಿಗೆ ದೊಡ್ಡ ಜಾಗ ಇತ್ತು. ಊರ ದೇವತೆ ಅಥೀನಾಳ ಪೂಜಾರಿಣಿ ಜೀವನಪೂರ್ತಿ ಆ ಪದವಿಯಲ್ಲಿ ಇರುತ್ತಿದ್ದಳು.

ಗುಲಾಮರದ್ದು ಇನ್ನೂ ಕರಾಳ. ಹಡಗು ಕಟ್ಟಿಸಿದ ಬೆಳ್ಳಿ ಅಂದೆನಲ್ಲ, ಅದನ್ನು ಲಾವ್ರಿಯನ್ನಿನ ಇಕ್ಕಟ್ಟಾದ ಸುರಂಗಗಳಲ್ಲಿ ಎಣ್ಣೆ ದೀಪದ ಬೆಳಕಿನಲ್ಲಿ ಅಗೆದವರು ಗುಲಾಮರು. ನ್ಯಾಯಾಲಯದಲ್ಲಿ ಗುಲಾಮನ ಸಾಕ್ಷಿ ನಡೆಯಬೇಕಾದರೆ ಚಿತ್ರಹಿಂಸೆ ಕೊಟ್ಟು ಹೇಳಿಸಿದ್ದಾಗಿರಬೇಕು ಅನ್ನೋದು ನಿಯಮ. ಕ್ರಿ.ಪೂ. 413ರಲ್ಲಿ ಅಥೆನ್ಸಿನ ಶತ್ರುಗಳಾದ ಸ್ಪಾರ್ಟಾದವರು ಹತ್ತಿರದಲ್ಲೇ ಕೋಟೆ ಕಟ್ಟಿದಾಗ 20,000ಕ್ಕೂ ಹೆಚ್ಚು ಗುಲಾಮರು ಅಥೆನ್ಸ್ ಬಿಟ್ಟು ಓಡಿದರು ಅಂತ ಥುಸಿಡಿಡಿಸ್ ಬರೆಯುತ್ತಾನೆ, ಹೆಚ್ಚಿನವರು ಕಸುಬುದಾರರು. ಪ್ರಜಾಪ್ರಭುತ್ವದ ಬಗ್ಗೆ ಅವರ ಅಭಿಪ್ರಾಯ ಆ ಓಟದಲ್ಲೇ ಇದೆ.

ಆ ಕಾಲವೇ ಹಾಗಿತ್ತು, ಅವರಿಗೆ ಬೇರೆ ಯೋಚನೆ ಹೊಳೆಯಲು ಸಾಧ್ಯ ಇರಲಿಲ್ಲ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ, ಯಾಕೆಂದರೆ ಹೊಳೆದಿತ್ತು. ಅರ್ಗಿನುಸೇ ಯುದ್ಧಕ್ಕೆ ಜನ ಸಾಲದೆ ಗುಲಾಮರನ್ನೂ ಹಡಗಿಗೆ ಹತ್ತಿಸಿ, ಹುಟ್ಟು ಹಾಕಿದವರಿಗೆ ಬಿಡುಗಡೆ ಕೊಟ್ಟರು. ಅದಕ್ಕಿಂತ ಮುಖ್ಯವಾದದ್ದು ಮುಂದೆ ನಡೆಯಿತು. ಕ್ರಿ.ಪೂ. 404ರಲ್ಲಿ ಅಥೆನ್ಸ್ ಯುದ್ಧ ಸೋತು, ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಜನರ ಕ್ರೂರ ಆಡಳಿತ ಬಂತು. ಪ್ರಜಾಪ್ರಭುತ್ವದ ಪರವಾಗಿದ್ದ ಸೇನಾನಾಯಕ ಥ್ರಸಿಬುಲಸ್ ಒಂದು ಪಡೆ ಕಟ್ಟಿಕೊಂಡು ಬಂದು ಪಿರೇಯಸ್ ಬಂದರು ಹಿಡಿದ, 403ರಲ್ಲಿ ಪ್ರಜಾಪ್ರಭುತ್ವ ವಾಪಸ್ ಬಂತು. ಅವನ ಜೊತೆ ಹೋರಾಡಿದವರಲ್ಲಿ ಹೊರಊರಿನವರಿದ್ದರು, ಗುಲಾಮರೂ ಇದ್ದರು. ಅವರಿಗೆಲ್ಲ ನಾಗರಿಕತ್ವ ಕೊಡೋಣ ಅಂತ ಥ್ರಸಿಬುಲಸ್ ಠರಾವು ತಂದ. ಅದೇ ಪಾಳೆಯದ ಆರ್ಕಿನಸ್, ಇದು ಕಾನೂನುಬಾಹಿರ ಅಂತ ಮೊಕದ್ದಮೆ ಹಾಕಿ ತಡೆದುಬಿಟ್ಟ. ಆ ಗೆಲುವಿಗೆ ಸಹಾಯ ಮಾಡಿದ ಕೆಲವು ಪರಊರಿನವರಿಗೆ ಒಂದೆರಡು ವರ್ಷದ ನಂತರ ಗೌರವ ಕೊಟ್ಟ ಒಂದು ಶಾಸನ ತುಂಡುತುಂಡಾಗಿ ಸಿಕ್ಕಿದೆ. ಹೆಸರಿನ ಮುಂದೆ ಅವರವರ ಕಸುಬು ಕೆತ್ತಿದ್ದಾರೆ: ರೈತ, ಅಡುಗೆಯವನು, ಬಡಗಿ, ತೋಟಗಾರ, ಕತ್ತೆ ಕಾಯುವವನು. ಇವರೆಲ್ಲ ತಮಗೆ ಮತವಿಲ್ಲದ ವ್ಯವಸ್ಥೆಗಾಗಿ ಕತ್ತಿ ಹಿಡಿದವರು.

ಹಾಗಾಗಿ ಯಾಕೆ ಹೊಗಳುತ್ತಾರೆ ಅನ್ನೋದಕ್ಕೆ ನನ್ನ ಉತ್ತರ ಇದು. ನಾಗರಿಕರ ವೃತ್ತದ ಒಳಗೆ ಅಧಿಕಾರವನ್ನು ಚಮ್ಮಾರನ ತನಕ, ಹುಟ್ಟು ಹಾಕುವವನ ತನಕ ಇಳಿಸಿದ ರೀತಿಯನ್ನು ನಾನು ಮನಸಾರೆ ಹೊಗಳುತ್ತೇನೆ, ಅಷ್ಟು ದೂರ ಇವತ್ತಿನ ಯಾವ ದೇಶವೂ ಹೋಗಿಲ್ಲ. ಆ ವೃತ್ತವನ್ನು ದೊಡ್ಡದು ಮಾಡುವ ಅವಕಾಶ 403ರಲ್ಲಿ ಕಣ್ಣೆದುರಿಗೇ ಬಂದಾಗ ಬಾಗಿಲು ಹಾಕಿಕೊಂಡದ್ದನ್ನು ಹೊಗಳಲಾರೆ. ಇನ್ನು 80 ವರ್ಷದಲ್ಲಿ ಆ ವೃತ್ತವೇ ಕುಗ್ಗಿತು. ಕ್ರಿ.ಪೂ. 322ರಲ್ಲಿ ಮ್ಯಾಸಿಡೋನಿಯಾದ ಆಂಟಿಪೇಟರ್ ಅಥೆನ್ಸನ್ನು ಸೋಲಿಸಿ, 2000 ದ್ರಾಖ್ಮ ಆಸ್ತಿ ಇದ್ದವರಿಗೆ ಮಾತ್ರ ರಾಜಕೀಯ ಹಕ್ಕು ಅಂತ ಕಟ್ಟಳೆ ಹಾಕಿದ. ಬಡ ನಾಗರಿಕರು ಸಾವಿರಾರು ಸಂಖ್ಯೆಯಲ್ಲಿ ಹಕ್ಕು ಕಳೆದುಕೊಂಡರು, ಎಷ್ಟೋ ಜನ ಊರು ಬಿಟ್ಟು ಉತ್ತರದ ಥ್ರೇಸ್ ಸೀಮೆಯ ಕಡೆಗೆ ಹೋಗಬೇಕಾಯಿತು.